ಬಟ್ಟೆಯ ತೂಕ ಕಳೆದು

ಈ ಸಲದ ಮೇ ತಿಂಗಳಲ್ಲಿ ಅಂಕೋಲೆ ಪೇಟೆಯಲ್ಲಿ ನಮ್ಮ ಕ್ಯಾಂಪ್ ಇತ್ತು. ನನ್ನದು ತೂಕ ಮತ್ತು ಅಳತೆ ಇಲಾಖೆಯ ನೌಕರಿ. ವರ್ಷಕ್ಕೊಮ್ಮೆ ಅಂಗಡಿಯವರು, ಮೀನು ಮಾರುವ ಹೆಂಗಸರು ತಮ್ಮ ತಕ್ಕಡಿ, ಬಟ್ಟು, ತೂಕದ ಯಂತ್ರಗಳನ್ನು ಹೊತ್ತು ತಂದು ಸಾಲಾಗಿ ಕೂರುತ್ತಾರೆ. ನಾವು ಒಂದೊಂದನ್ನೇ ಪರೀಕ್ಷಿಸಿ ಮುದ್ರೆ ಹಾಕಿ ಕಳಿಸುತ್ತೇವೆ. ನಮ್ಮನ್ನು ಕಂಡರೆ ಯಾರಿಗೂ ಪ್ರೀತಿಯಿಲ್ಲ, ಅದು ನನಗೆ ಅಭ್ಯಾಸವಾಗಿದೆ. ಅಂದು ನನ್ನ ಮೇಜಿನ ಪಕ್ಕದಲ್ಲೇ ಒಬ್ಬ ಮುದುಕಿ ಬುಟ್ಟಿ ತುಂಬ ಇಶಾಡ ಮಾವಿನಹಣ್ಣು ಇಟ್ಟುಕೊಂಡು ಕೂತಿದ್ದಳು. ಮಧ್ಯಾಹ್ನದ ಬಿಸಿಲಿಗೆ ಹಣ್ಣಿನ ವಾಸನೆ ಎದ್ದಿತು. ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

ಒಂಬತ್ತು ವರ್ಷದ ಹಿಂದೆ ನನ್ನ ಮಗಳು ಹುಟ್ಟಿದ್ದು ಆ ವಾಸನೆಯ ನಡುವೆಯೇ. ಚೊಚ್ಚಲ ಬಾಣಂತನಕ್ಕೆಂದು ನನ್ನ ಹೆಂಡತಿ ವಿದ್ಯಾ ಅಂಕೋಲೆಯ ತವರಿಗೆ ಹೋಗಿದ್ದಳು. ಬಾಣಂತಿ ಕೋಣೆಯ ಪಕ್ಕದ ಕೋಣೆಯಲ್ಲಿ ಇಶಾಡ ಕಾಯಿಗಳನ್ನು ಹುಲ್ಲಿನ ಮೇಲೆ ಹರಡಿ ಹಣ್ಣಿಗೆ ಇಟ್ಟಿದ್ದರು. ಕಾರವಾರದಿಂದ ಶನಿವಾರ ಸಂಜೆಯ ಬಸ್ಸು ಹಿಡಿದು ನಾನು ಹೋಗುತ್ತಿದ್ದೆ. ಮಗು ಎರಡು ಕಿಲೋ ಏಳುನೂರು ಗ್ರಾಂ ಇತ್ತು. ಚಿಕ್ಕದು, ಆದರೆ ಅಂಥ ಚಿಕ್ಕದೇನಲ್ಲ ಎಂದು ಹೆರಿಗೆ ಮಾಡಿಸಿದ ನರ್ಸ್ ಹೇಳಿದ್ದಳು. ಮೊದಲ ಮೊಮ್ಮಗಳೆಂದು ಎರಡೂ ಮನೆಯವರು ಕುಣಿಯುವುದೊಂದು ಬಾಕಿ.

ಹಾಲು ಕುಡಿಯುವಾಗ ಮಗುವಿನ ಹಣೆಯ ಮೇಲೆ ಬೆವರು ಮೂಡುವುದನ್ನು ನಾನು ಎರಡನೆಯ ವಾರದಲ್ಲೇ ನೋಡಿದ್ದೆ. ಕೇಳಿದ್ದಕ್ಕೆ ಅತ್ತೆ ನಕ್ಕರು.

"ಈ ಸೆಕೆಲಿ ನಮ್ಗೇ ಬೆವರು ಇಳೀತದೆ. ಕೂಸಿಗೆ ಇಳೀದೆ ಇರ್ತದ್ಯಾ?"

ಮಾತು ಸರಿಯಾಗಿಯೇ ಇತ್ತು. ಅಂಕೋಲೆಯ ಮೇ ತಿಂಗಳಲ್ಲಿ ಬೆವರದವರು ಯಾರು? ನನ್ನ ಅಂಗಿಯೇ ಬೆನ್ನಿಗೆ ಅಂಟಿಕೊಂಡಿತ್ತು. ಮಳೆ ಬಿದ್ದ ಮೇಲೆ ಎಲ್ಲ ಸಮ ಆಗುತ್ತದೆ ಎಂದು ಕಾದೆವು. ಜೂನ್ ಮೊದಲ ವಾರ ಮಳೆ ಬಿತ್ತು, ಮನೆಯೊಳಗೆ ಚಾದರ ಹೊದೆಯುವಷ್ಟು ತಂಪಾಯಿತು. ಮಗುವಿನ ಹಣೆಯ ಬೆವರು ಮಾತ್ರ ಆರಲಿಲ್ಲ.

ಒಂದೂವರೆ ತಿಂಗಳ ಚುಚ್ಚುಮದ್ದಿಗೆಂದು ಕಾರವಾರಕ್ಕೆ ಕರೆತಂದಾಗ ಮಕ್ಕಳ ಡಾಕ್ಟರು ಸ್ಟೆತಸ್ಕೋಪನ್ನು ಮಗುವಿನ ಎದೆಯ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ವಿದ್ಯಾಳನ್ನು ಕೇಳಿದರು, "ಹಾಲು ಕುಡಿಯುವಾಗ ನಡುನಡುವೆ ಬಿಡ್ತದಾ?"

"ಹೌದು. ಎರಡು ಗುಟುಕು ಕುಡೀತದೆ, ಬಿಡ್ತದೆ. ಸುಸ್ತಾದವ್ರಂಗೆ ಕಣ್ಣು ಮುಚ್ತದೆ."

ಅದೇ ವಾರ ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಒಂದು ಕಾಗದದ ಮೇಲೆ ಹೃದಯದ ಚಿತ್ರ ಬರೆದು, ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಪೆನ್ನಿನಿಂದ ಒಂದು ಗುಂಡು ಸುತ್ತು ಹಾಕಿದರು. ತೂತು ಅಲ್ಲಿತ್ತು. ದೊಡ್ಡದು, ತಾನಾಗಿ ಮುಚ್ಚುವ ಜಾತಿಯದಲ್ಲ, ಆಪರೇಶನ್ ಆಗಲೇಬೇಕು ಎಂದರು. ಆದರೆ ಇಷ್ಟು ಸಣ್ಣ ಮಗುವಿಗೆ ಅಪಾಯ ಹೆಚ್ಚು, ಐದು ಕಿಲೋದ ಹತ್ತಿರ ಬಂದರೆ ಸಲೀಸು. ಅಲ್ಲಿಯವರೆಗೆ ಔಷಧಿಯ ಹನಿಗಳು, ಮತ್ತು ವಾರಕ್ಕೊಮ್ಮೆ ತಪ್ಪದೆ ತೂಕ.

"ಒಂದು ಮಾತು ನೆನಪಿಡಿ," ಎಂದರು. "ತೂಕ ಏರ್ತಾ ಇದ್ದರೆ ಕಾಯಬಹುದು. ಎರಡು ವಾರ ಏರದೆ ನಿಂತರೆ ಕಾಯಬೇಡಿ, ಮಗುವನ್ನು ತಂದುಬಿಡಿ. ಆಗ ಎಷ್ಟು ತೂಕ ಇದ್ದರೂ ನಾವು ಮಾಡ್ತೇವೆ."

ನನಗೆ ಆ ಗಳಿಗೆಯಲ್ಲಿ ಒಂದು ಬಗೆಯ ಸಮಾಧಾನವೇ ಆಯಿತು. ಹೃದಯದ ವಿಷಯ ನನಗೇನೂ ತಿಳಿಯದು, ತೂಕ ನೋಡುವುದು ಮಾತ್ರ ನನ್ನ ಹೊಟ್ಟೆಪಾಡಿನ ಕೆಲಸ. ದೇವರು ನನಗೆ ಗೊತ್ತಿರುವ ಪ್ರಶ್ನೆಯನ್ನೇ ಕೇಳಿದ್ದಾನೆ ಅಂದುಕೊಂಡೆ.

ಬಾಣಂತನ ಅಲ್ಲಿಗೇ ಮುಗಿಸಿ ತಾಯಿ ಮಗುವನ್ನು ಕಿನ್ನರದ ನಮ್ಮ ಮನೆಗೆ ಕರೆತಂದೆ. ಡಾಕ್ಟರು, ಔಷಧಿ ಅಂಗಡಿ ಎಲ್ಲ ಕಾರವಾರದಲ್ಲಿ, ಕಿನ್ನರದಿಂದ ಹತ್ತಿರ. ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಆಯಿ, ಅಂದರೆ ತಾಯಿ. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಆಯಿ ಕಾಳಿ ಹೊಳೆಯ ದಂಡೆಯ ಗದ್ದೆಯನ್ನು ಒಬ್ಬಳೇ ಆಳು ಕಟ್ಟಿಕೊಂಡು ಮಾಡಿಸುತ್ತಿದ್ದ ಹೆಂಗಸು. ಓದು ಬರಹ ಇಲ್ಲ. ಐದು ಹೆತ್ತು ಮೂರನ್ನು ಉಳಿಸಿಕೊಂಡವಳು. ನಮ್ಮ ಮನೆಮಾತು ಕೊಂಕಣಿ, ಆದರೆ ಅಂಕೋಲೆಯ ಸೊಸೆಯ ಸಲುವಾಗಿ ಆಯಿ ತನ್ನದೇ ಕನ್ನಡ ಆಡುತ್ತಿದ್ದಳು, ಕೊನೆಗೆ ನನ್ನ ಹತ್ತಿರವೂ ಅದೇ ರೂಢಿಯಾಯಿತು.

ಕೂಸನ್ನು ಮೀಯಿಸುವುದರಲ್ಲಿ ಆಯಿಗೆ ಊರಲ್ಲಿ ಹೆಸರಿತ್ತು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು, ಹಂಡೆಯ ಬಿಸಿನೀರು ಹೊಯ್ದು ಮಕ್ಕಳನ್ನು ಕೆಂಪಗೆ ಮಾಡಿ ಕೊಡುತ್ತಿದ್ದಳು. ಡಾಕ್ಟರು ಅದನ್ನು ಬೇಡವೆಂದಿದ್ದರು. ಮಗುವಿಗೆ ಆಯಾಸ ಆಗಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಿದ್ಯಾ ಆ ಕೆಲಸ ತಾನೇ ಮಾಡಿದಳು. ಬೇರು ಕಾಯಿಗಳ ಘುಟ್ಟಿ ತೇದು ಕುಡಿಸುವುದೂ ಬೇಡ, ಲೋಭಾನದ ಹೊಗೆಯೂ ಬೇಡ. ಹೀಗೆ ಆಯಿಯ ಕೈಯಿಂದ ಒಂದೊಂದೇ ಕೆಲಸ ತಪ್ಪಿಹೋಯಿತು. ಅವಳು ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು.

ನಾನು ಹತ್ತು ಗ್ರಾಂನ ವ್ಯತ್ಯಾಸವನ್ನೂ ತೋರಿಸುವ ಒಂದು ಒಳ್ಳೆಯ ಯಂತ್ರ ಕೊಂಡುತಂದೆ. ಅದನ್ನು ಆಫೀಸಿಗೆ ಒಯ್ದು, ಎಲ್ಲರಂತೆ ಶುಲ್ಕ ಕಟ್ಟಿ, ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿದೆ. ಮನೆಯಲ್ಲಿ ಮಗು ತೂಗುವ ಯಂತ್ರಕ್ಕೆ ಮುದ್ರೆ ಯಾಕೆ ಎಂದು ಜೊತೆಯವರು ನಕ್ಕರು. ನಾನು ನಗಲಿಲ್ಲ. ನನ್ನ ಸ್ವಭಾವವೇ ಹಾಗೆ.

ಯಂತ್ರ ನೋಡಿ ಆಯಿಯ ಮುಖ ಗಂಟಿಕ್ಕಿತು.

"ಇದೆಂತಾ ತಮಾ? ಕೂಸಿಗೆ ಬಂಗಡೆ ತೂಗ್ದಂಗೆ ತೂಗೂದಾ? ದೃಷ್ಟಿ ಆಗ್ತದೆ."

"ಡಾಕ್ಟರು ಹೇಳಿದ್ದು ಆಯೀ. ತೂಗದೆ ಆಗೂದಿಲ್ಲ."

ಬಹಳ ಮಾತಾದ ಮೇಲೆ ರಾಜಿಯಾಯಿತು. ಮಗುವನ್ನು ಬರಿಮೈಯಲ್ಲಿ ತೂಗಬಾರದು, ಬಟ್ಟೆ ಸುತ್ತಿರಬೇಕು. ಉಡದಾರ ಬಿಚ್ಚಬಾರದು. ಯಂತ್ರದಲ್ಲಿ ಬಂದ ಅಂಕಿಯನ್ನು ಬಾಯಿಬಿಟ್ಟು ಹೇಳಬಾರದು. ಮಗುವನ್ನು ಸುತ್ತಿ ಯಂತ್ರದ ಮೇಲಿಡುವವಳು ಆಯಿ. ನಾನು ಒಪ್ಪಿದೆ. ಸುತ್ತುವ ಬಟ್ಟೆ ಪ್ರತಿ ಸಲ ಒಂದೇ ಆಗಿರಬೇಕು ಎಂಬುದು ನನ್ನ ಷರತ್ತು. ಆಯಿಯ ಹಳೆಯ ಸೀರೆಯ ತುಂಡು ಅದು, ಒಣಗಿದ್ದಾಗ ನೂರ ನಲವತ್ತು ಗ್ರಾಂ. ಉಡದಾರ ಹತ್ತು ಎಂದು ಹಿಡಿದೆ. ಎರಡನ್ನೂ ಕಳೆದು ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದು ವಿದ್ಯಾಳಿಗೆ ತೋರಿಸುವುದು.

ಭಾನುವಾರ ಬೆಳಿಗ್ಗೆ ತೂಗುತ್ತಿದ್ದೆವು. ಹೊರಗೆ ಸಾಲುಹಿಡಿದ ಮಳೆ. ಮಗು ಕೈಕಾಲು ಆಡಿಸಿದರೆ ಅಂಕಿ ನಿಲ್ಲುವುದಿಲ್ಲ, ಹಾಗಾಗಿ ನಾನು ಗಂಟಿನ ಮೇಲೆ ಒಂದು ಕ್ಷಣ ಕೈಯಿಟ್ಟು ಸುಮ್ಮನಾಗಿಸಿ, ಕೈ ತೆಗೆದು, ಅಂಕಿ ಓದುತ್ತಿದ್ದೆ. ಮೊದಲ ಭಾನುವಾರ ಮೂರು ಕಿಲೋ ಮುನ್ನೂರ ಹತ್ತು. ಎರಡನೆಯದು ಮುನ್ನೂರ ನಲವತ್ತು. ಮೂರನೆಯದೂ ಮುನ್ನೂರ ನಲವತ್ತೇ. ಚೀಟಿ ನೋಡಿ ವಿದ್ಯಾ ಮಡಚಿ ಕೊಟ್ಟಳು. ಆ ದಿನ ಅವಳು ಊಟ ಮಾಡಲಿಲ್ಲ. ಆಯಿ ಗಂಜಿಯ ಬಟ್ಟಲು ಹಿಡಿದು ಎರಡು ಸಲ ಕೋಣೆಗೆ ಹೋಗಿ ಹಾಗೆಯೇ ವಾಪಸು ತಂದಳು.

"ಎರಡು ಗುಟುಕಾದ್ರೂ ಕುಡಿ ತಂಗೀ. ನೀ ಉಣ್ಲಿಕ್ಕಿಲ್ಲಾ ಅಂದ್ರೆ ಬಾಯಗೆ ಎಂತಾ ಕೊಡ್ತೆ?"

"ಸೇರೂದಿಲ್ಲ ಅತ್ತೇ."

ಬಾಯ ಎಂದರೆ ಮಗು. ಆಯಿ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಹೆಸರಿಟ್ಟಿದ್ದೆವು, ಮಾನಸಿ ಎಂದು. ಯಾರೂ ಬಳಸುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಅಂಕಿ ಏರಿತು. ಮೂರು ಕಿಲೋ ನಾನೂರ ಇಪ್ಪತ್ತು. ಚೀಟಿ ನೋಡಿ ವಿದ್ಯಾ ನನ್ನ ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. ಮಧ್ಯಾಹ್ನ ಅನ್ನಕ್ಕೆ ಎರಡನೆಯ ಸಲ ಸಾರು ಹಾಕಿಸಿಕೊಂಡಳು. ಮೀನುಗಾರಿಕೆ ನಿಂತಿದ್ದ ಕಾಲ, ದೋಣಿಗಳು ಕಡಲಿಗಿಳಿಯುತ್ತಿರಲಿಲ್ಲ, ಒಣ ಸಿಗಡಿಯ ಚಟ್ನಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅದು ಹಬ್ಬದೂಟದ ಹಾಗೆ ಆಯಿತು. ಅಂಕಿ ಓದಲು ಬಾರದ ಆಯಿ ವಿದ್ಯಾಳ ಬಟ್ಟಲು ನೋಡಿಯೇ ಆ ವಾರದ ತೂಕ ತಿಳಿದುಕೊಳ್ಳುತ್ತಿದ್ದಳು.

ಆಮೇಲೆ ಅಂಕಿ ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ, ಅಂತೂ ಏರುತ್ತ ಹೋಯಿತು. ಮಗು ನೋಡಲು ನೆಂಟರು ಬರುತ್ತಿದ್ದರು. ನಮ್ಮಲ್ಲಿ ಮಗುವನ್ನು ಮೊದಲ ಸಲ ನೋಡುವವರು ಬರಿಗೈಯಲ್ಲಿ ಬರುವುದಿಲ್ಲ, ಕೈಗೋ ಕಾಲಿಗೋ ಬೆಳ್ಳಿ ಇಟ್ಟು ಹೋಗುತ್ತಾರೆ. ಬಿಣಗಾದ ಚಿಕ್ಕಮ್ಮ ಮೊದಲ ವಾರವೇ ಒಂದು ಜೊತೆ ಕಡಗ ತಂದಿದ್ದಳು. ವಿದ್ಯಾಳ ಅಣ್ಣ ಕಾಲ್ಗೆಜ್ಜೆ ತಂದ. ಆಯಿ ಎಲ್ಲವನ್ನೂ ಮಗುವಿನ ಮುಂದೆ ಹಿಡಿದು ತೋರಿಸಿ ತನ್ನ ಸಂದೂಕಿನಲ್ಲಿಡುತ್ತಿದ್ದಳು. ಇಷ್ಟು ಸಣ್ಣ ಕೈಗೆ ಈಗಲೇ ಯಾಕೆ ಭಾರ ಎನ್ನುತ್ತಿದ್ದಳು.

ಜುಲೈ ಕೊನೆಗೆ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಅಂಕೋಲೆಯಿಂದ ಮುಂದೆ ಗುಡ್ಡ ಜರಿದು ಹೆದ್ದಾರಿ ಮುಚ್ಚಿತ್ತು. ರೈಲು ಓಡುತ್ತಿತ್ತು, ಹೋಗಲೇಬೇಕೆಂದಿದ್ದರೆ ಹೋಗಬಹುದಿತ್ತು. ನಾನು ಫೋನ್ ಮಾಡಿದೆ. ಆ ಕಡೆಯ ನರ್ಸ್ ತೂಕ ಕೇಳಿದಳು. ಚೀಟಿಗಳನ್ನು ಮುಂದಿಟ್ಟುಕೊಂಡು ಒಂದೊಂದೇ ವಾರದ್ದನ್ನು ಓದಿ ಹೇಳಿದೆ. ಡಾಕ್ಟರನ್ನು ಕೇಳಿ ಬಂದು ಅವಳು, "ಏರ್ತಾ ಇದೆಯಲ್ಲ, ಪರವಾಗಿಲ್ಲ. ಮಳೆ ಕಡಿಮೆಯಾದ ಮೇಲೆ ಬನ್ನಿ, ಅದೇ ಔಷಧಿ ಮುಂದುವರಿಸಿ," ಎಂದಳು. ವಿದ್ಯಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಆಗಸ್ಟ್ ಮಧ್ಯದಲ್ಲಿ ಮಗುವಿಗೆ ಜ್ವರ ಬಂತು. ಎರಡು ದಿನದಲ್ಲಿ ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಸೇದುವಷ್ಟಾಯಿತು. ಒಳಲೆಯಲ್ಲಿ ಹಾಲು ಹಾಕಿದರೆ ಕಟವಾಯಿಯಿಂದ ಇಳಿದು ಹೋಗುತ್ತಿತ್ತು. ಕಾರವಾರದ ಡಾಕ್ಟರು ಆಂಬುಲೆನ್ಸ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆ ಹೊತ್ತಿಗೆ ರಸ್ತೆ ಒಂದು ಕಡೆಯಿಂದ ತೆರೆದಿತ್ತು. ಆಯಿ ತಾನೂ ಬರುತ್ತೇನೆಂದು ಉಟ್ಟ ಸೀರೆಯಲ್ಲೇ ಹತ್ತಿದಳು.

ಆಸ್ಪತ್ರೆಯಲ್ಲಿ ಔಷಧಿಯ ಲೆಕ್ಕಕ್ಕೆ ಮೊದಲು ತೂಕ. ನರ್ಸ್ ಬಟ್ಟೆ ಬಿಚ್ಚಿ, ಆಯಿಯನ್ನು ಕೇಳದೆ ಉಡದಾರವನ್ನೂ ಬಿಚ್ಚಿ, ಮಗುವನ್ನು ಬರಿಮೈಯಲ್ಲಿ ಯಂತ್ರದ ಮೇಲೆ ಮಲಗಿಸಿದಳು. ಮೂರು ಕಿಲೋ ಆರುನೂರ ಎಂಬತ್ತು. ನನ್ನ ಕಿಸೆಯಲ್ಲಿದ್ದ ಕಳೆದ ಭಾನುವಾರದ ಚೀಟಿಯಲ್ಲಿ ಮೂರು ಕಿಲೋ ಒಂಬೈನೂರ ಎಪ್ಪತ್ತು ಇತ್ತು. ನಿಮ್ಮ ಯಂತ್ರ ಸರಿಯಿಲ್ಲ ಎಂದೆ. ಜ್ವರಕ್ಕೆ ಸ್ವಲ್ಪ ಇಳಿದಿರಬಹುದು ಎಂದಳು ಅವಳು. ಮೂರು ದಿನದಲ್ಲಿ ಇಷ್ಟು ಇಳಿಯುವುದಿಲ್ಲ ಎಂದು ನಾನು ಗಲಾಟೆಯನ್ನೇ ಮಾಡಿದೆ. ನನ್ನ ಇಲಾಖೆಯ ಹೆಸರು ಹೇಳಿದೆ. ಯಂತ್ರದ ಕೆಳಗೆ ಬಗ್ಗಿ ಮುದ್ರೆ ಎಲ್ಲಿದೆ ಎಂದು ಹುಡುಕಿದೆ. ಕೊನೆಗೆ ಅವಳು ಬೇಸತ್ತು ಒಡೆಯದ ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ತಮ್ಮ ಚಹಾದ ಕೋಣೆಯಿಂದ ತಂದಿಟ್ಟಳು. ಪೊಟ್ಟಣದ ಕಾಗದ ಸೇರಿ ಒಂದು ಕಿಲೋ ಹತ್ತು ಗ್ರಾಂ ತೋರಿಸಿತು.

ಗೋಡೆಯ ಬದಿಯ ಬೆಂಚಿನಿಂದ ಆಯಿ ಹೇಳಿದಳು, "ಮಶೀನ್ ಸಮಾ ಅದೆ ತಮಾ. ನಾನೇ ಇಟ್ಟದ್ದು."

"ಎಂತಾ ಇಟ್ಟದ್ದು?"

"ಕಡಗ ಇಟ್ಟೆ. ಮತ್ತೊಂದ್ ವಾರ ಗೆಜ್ಜೆ ಇಟ್ಟೆ. ಆಮೇಲೆ ನನ್ನ ಕೈಯ ಬೆಳ್ಳಿ ತೋಡೆ. ಬಟ್ಟೆ ಮಡಿಕೆಲಿ ಸೇರ್ಸಿ ಇಡ್ತಿದ್ದೆ, ತೂಗಿದ ಮೇಲೆ ತೆಗೀತಿದ್ದೆ. ಅಂಕಿ ಏರ್ದಿದ್ದ ದಿನ ವಿದ್ಯಾ ಉಣ್ಣೂದಿಲ್ಲ. ಅದು ಉಣ್ದೆ ಹೋದ್ರೆ ಹಾಲು ಎಲ್ಲಿಂದ ಬರ್ತದೆ? ಹಾಲಿಲ್ದೆ ಬಾಯ ಹೆಂಗೆ ದೊಡ್ಡ ಆಗ್ತದೆ?"

ಅಷ್ಟನ್ನೂ ಅವಳು ನೆಲ ನೋಡುತ್ತ, ದನಿ ಏರಿಸದೆ ಹೇಳಿದಳು. ಮಗು ಬೆಳೆಯಲಿ ಎಂದೇ ಮಾಡಿದ್ದು. ಅಂಕಿ ನಿಂತರೆ ಆಸ್ಪತ್ರೆಗೆ ಒಯ್ಯಬೇಕು ಎಂಬ ಡಾಕ್ಟರ ಮಾತು ಅವಳ ತನಕ ಮುಟ್ಟಿರಲೇ ಇಲ್ಲ. ನಾವು ಯಾರೂ ಅವಳಿಗೆ ಅದನ್ನು ಬಿಡಿಸಿ ಹೇಳಿರಲಿಲ್ಲ. ವಿದ್ಯಾ ಮಗುವಿನ ಹಿಂದೆ ಐಸಿಯು ಬಾಗಿಲವರೆಗೆ ಹೋದಳು. ನಾನು ಆಯಿಗೆ ಜೋರಾಗಿ ಬೈದೆ. ಜನ ತಿರುಗಿ ನೋಡಿದರು.

ಡಾಕ್ಟರು ಯಾರ ಮೇಲೂ ರೇಗಲಿಲ್ಲ. ನಾಲ್ಕು ವಾರ ಮೊದಲೇ ಬರಬೇಕಿತ್ತು, ಶ್ವಾಸಕೋಶದ ಮೇಲೆ ಒತ್ತಡ ಏರಿದೆ, ಜ್ವರ ಇಳಿದ ಕೂಡಲೇ ಮಾಡುವುದು, ಐದು ಕಿಲೋದ ಮಾತು ಇನ್ನಿಲ್ಲ ಎಂದರು. ಉಳಿಯುತ್ತದೆಯೇ ಎಂದು ಕೇಳಿದೆ. ಮೊದಲು ಬಂದಿದ್ದರೆ ಇನ್ನಷ್ಟು ಧೈರ್ಯವಾಗಿ ಹೇಳುತ್ತಿದ್ದೆ ಎಂದರು.

ಹನ್ನೊಂದು ದಿನದ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಒಯ್ದರು. ಆ ಹನ್ನೊಂದು ದಿನ ವಿದ್ಯಾ ಮತ್ತು ಆಯಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಆಪರೇಶನ್ ನಡೆಯುತ್ತಿದ್ದ ಹೊತ್ತಿನಲ್ಲಿ ವಿದ್ಯಾಳೇ ಬಾಯಿಬಿಟ್ಟಳು. ಅವಳು ಎದುರಿನ ಗೋಡೆ ನೋಡುತ್ತಿದ್ದಳು.

"ಅತ್ತೇ, ನಂಗೆ ಗುತ್ತಿತ್ತು."

ಆಯಿ ತಿರುಗಿದಳು.

"ಒಂದ್ಸಲ ತೂಗಿದ ಮೇಲೆ ನೀವು ತೆಗೀಲಿಕ್ಕೆ ಮರ್ತಿರಿ. ಹಾಲು ಕುಡ್ಸುವಾಗ ಕಡಗ ನನ್ನ ಮಡಿಲಲ್ಲೇ ಬಿತ್ತು. ಒಯ್ದು ನಿಮ್ಮ ಸಂದೂಕಲ್ಲಿ ಇಟ್ಟು ಬಂದೆ."

"ಮತ್ತೆ ಎಂತಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರೀ ಕೂಸಿನ ತೂಕ ಉಳೀತಿತ್ತಲ್ಲಾ. ಅದನ್ನ ನೋಡೂಕೆ ನಂಗೆ ಆಗ್ತಿರ್ಲಿಲ್ಲ."

ಆಯಿ ಸರಿದು ಬಂದು ಅವಳ ಪಕ್ಕ ಕೂತಳು. ನಾನು ಅವರ ಮುಂದೆ ನಿಂತಿದ್ದೆ. ಇಬ್ಬರೂ ನನ್ನ ಕಡೆ ನೋಡಿದರು, ಇಬ್ಬರ ಮುಖದಲ್ಲೂ ತಪ್ಪು ಮಾಡಿದವರ ಅಂಜಿಕೆ ಇತ್ತು. "ಆದದ್ದಾಯ್ತು," ಎಂದು ಹೇಳಿ ನಾನು ಚಹಾ ತರಲು ಕೆಳಗೆ ಹೋದೆ.

ಮಧ್ಯಾಹ್ನ ಎರಡರ ಮೇಲೆ ಡಾಕ್ಟರು ಹೊರಬಂದು ತೂತು ಮುಚ್ಚಿದ್ದೇವೆ ಎಂದರು. ಐದು ದಿನ ಯಂತ್ರದ ಉಸಿರು. ಆರನೆಯ ದಿನ ನಳಿಗೆ ತೆಗೆದಾಗ ಮಗು ಬಾಯಿ ತೆರೆದು ಅತ್ತಿತು, ದನಿ ಹೊರಡಲಿಲ್ಲ. ಮರುದಿನ ದನಿಯೂ ಹೊರಟಿತು. ಚೌತಿ ಕಳೆದು ನಾವು ಊರಿಗೆ ಬಂದಾಗ ಗದ್ದೆಯಲ್ಲಿ ಭತ್ತ ಹೊಡೆ ತುಂಬಿತ್ತು. ಡಿಸೆಂಬರಿಗೆ ಮಗು ಐದೂವರೆ ಕಿಲೋ ಆಯಿತು, ಬರಿಮೈಯಲ್ಲಿ. ಈಗ ಮಾನಸಿ ಮೂರನೆಯ ಇಯತ್ತೆ. ವರ್ಷಕ್ಕೊಮ್ಮೆ ತೋರಿಸಲು ಹೋಗುತ್ತೇವೆ. ಓಡುತ್ತಾಳೆ, ಜಗಳವಾಡುತ್ತಾಳೆ, ಯಾರಾದರೂ ತೂಕ ನೋಡಬೇಕೆಂದರೆ ಸಿಟ್ಟಾಗುತ್ತಾಳೆ.

ಆಯಿ ಮಾತ್ರ ಆ ವಿಷಯವನ್ನು ಮುಚ್ಚಿಡಲಿಲ್ಲ. ಬಿಣಗಾದ ಚಿಕ್ಕಮ್ಮನಿಗೆ, ನೆರೆಮನೆಯವರಿಗೆ, ನಾಟಿಗೆ ಬಂದ ಹೆಂಗಸರಿಗೆ ತಾನಾಗಿಯೇ ಹೇಳುತ್ತಿದ್ದಳು, ತಾನು ಬೆಳ್ಳಿ ಇಟ್ಟು ಮಗನಿಗೆ ಮೋಸ ಮಾಡಿದೆ, ಬಾಯನ್ನು ಸಾಯಿಸುತ್ತಿದ್ದೆ ಎಂದು. ನಾನು ಪಕ್ಕದಲ್ಲೇ ಇದ್ದು ಕೇಳಿಸಿಕೊಳ್ಳುತ್ತಿದ್ದೆ. ಜನ ನನ್ನನ್ನು ಮರುಕದಿಂದ ನೋಡುತ್ತಿದ್ದರು.

ಇದನ್ನು ಯಾರಿಗೂ ಹೇಳಿಲ್ಲ, ವಿದ್ಯಾಳಿಗೂ. ನಾಲ್ಕನೆಯ ಭಾನುವಾರ ಗಂಟಿನ ಮೇಲೆ ಕೈಯಿಟ್ಟಾಗ ಬಟ್ಟೆಯೊಳಗೆ ಗುಂಡಗೆ ಗಟ್ಟಿಯಾಗಿ ಏನೋ ತಾಗಿತು. ಕಡಗ ಎಂದು ಗೊತ್ತಾಗಲು ನನಗೆ ಕ್ಷಣವೂ ಬೇಕಾಗಲಿಲ್ಲ, ಇಪ್ಪತ್ತು ವರ್ಷದಿಂದ ತಟ್ಟೆಯಡಿಯ ಕಲ್ಲು, ಮೇಣ, ಅಯಸ್ಕಾಂತ ಹುಡುಕಿ ದಂಡ ಹಾಕಿದ ಕೈ ಇದು. ಕೈ ತೆಗೆದೆ, ಅಂಕಿ ಓದಿದೆ, ಬಟ್ಟೆಯ ತೂಕ ಕಳೆದೆ, ಬರೆದೆ. ಮುಂದಿನ ಭಾನುವಾರವೂ ಹಾಗೆಯೇ ಮಾಡಿದೆ. ಫೋನಿನಲ್ಲಿ ಓದಿ ಹೇಳಿದ್ದು ಅವೇ ಚೀಟಿಗಳನ್ನು. ನನಗೂ ಅಂಕಿ ಏರುವುದು ಬೇಕಿತ್ತು, ಮತ್ತು ನಾನಾಗಿ ಸುಳ್ಳು ಬರೆದಿಲ್ಲ ಎಂಬ ಧೈರ್ಯವೂ ಬೇಕಿತ್ತು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಆಯಿ ತೀರಿಕೊಂಡಳು. ಅದಕ್ಕೆ ಎರಡು ದಿನ ಮೊದಲು ಮಂಚದ ಹತ್ತಿರ ಕರೆದು, ನನ್ನ ಕೈ ಹಿಡಿದು, "ಆ ಮಳೆಗಾಲ ನಿಂಗೆ ಮೋಸ ಮಾಡ್ದೆ ತಮಾ, ಮನಸಲ್ಲಿ ಇಟ್ಕಳ್ಬೇಡ," ಎಂದಳು. ನಾನು, "ಆತು ಬಿಡು ಆಯೀ," ಎಂದು ಅವಳನ್ನು ಕ್ಷಮಿಸಿದೆ.